ಹಳೆ ಕಾಫಿ ಮಿಷನ್ನಿಗೆ ಮರಳು ಹೊಡೆಸಬೇಡಿ

ಕಾಫಿ ಬೀಜ ಪುಡಿ ಮಾಡಲು ಕೈಯಲ್ಲಿ ತಿರುಗಿಸುವ ಹಳೆ ಮಿಷನ್ನಿಗೆ ಮರಳು ಹೊಡೆಸಿ (ಅಂದರೆ ಗಾಳಿಯ ರಭಸದಲ್ಲಿ ಮರಳು ಚಿಮ್ಮಿಸಿ ತುಕ್ಕು, ಬಣ್ಣ ಕೀಳಿಸಿ), ಪೂರ್ತಿ ಹೊಸ ಬಣ್ಣ ಬಳಿಯಿರಿ ಅಂತ ಲೇಖನವೊಂದರಲ್ಲಿ ಸಲಹೆ ಓದಿದೆ. ದಯವಿಟ್ಟು ಬೇಡ. ಒಳಗಿನ ಹಲ್ಲುಗಳ ಅಂಚೇ ಅದರ ಜೀವ. ಮರಳಿನ ಏಟಿಗೆ ಅಂಚು ಮೊಂಡಾದರೆ ಮಿಷನ್ ಬೀಜವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಆಗ ಪುಡಿ ಒಂದೇ ಸಮ ಬರುವುದಿಲ್ಲ. ನುಣ್ಣನೆಯದು ಫಿಲ್ಟರಿನ ತೂತು ಮುಚ್ಚುತ್ತದೆ, ದಪ್ಪ ತರಿ ಸಾರವನ್ನೇ ಬಿಡುವುದಿಲ್ಲ.

ಫ್ರಾನ್ಸಿನ ಪ್ಯೂಜೊ ಕಂಪನಿ ಕಾರಿಗಿಂತ ಎಷ್ಟೋ ಮೊದಲು, 1840ರಲ್ಲೇ ಕಾಫಿ ಮಿಲ್ ಮಾಡಿತ್ತು. ಅಂಥ ಹಳೆ ಮಿಷನ್‌ಗಳು ಇವತ್ತಿಗೂ ಸಿಗುತ್ತವೆ ಅಂದರೆ ಹಲ್ಲು ಎಷ್ಟು ಗಟ್ಟಿ ಇರಬೇಕು, ಅಲ್ವಾ?

ತುಕ್ಕಿಗೆ ವಿನೆಗರ್ ಸಾಕು. ಬಿಚ್ಚಿದ ಕಬ್ಬಿಣದ ಭಾಗಗಳನ್ನು ಸ್ವಲ್ಪ ಹೊತ್ತು ನೆನೆಸಿ, ಬ್ರಷ್‌ನಲ್ಲಿ ಉಜ್ಜಿ. ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ, ಇಲ್ಲದಿದ್ದರೆ ಮತ್ತೆ ತುಕ್ಕು ಹಿಡಿಯುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ.

ಮರದ ಪೆಟ್ಟಿಗೆಯನ್ನು ಮಾತ್ರ ನೀರಿಗೆ ಹಾಕಲೇಬೇಡಿ. ನಮ್ಮ ಮೈಸೂರಿನಲ್ಲಿ ಬೀಟೆ ಮರದಲ್ಲಿ ಕುಸುರಿ ಕೂರಿಸುವ ಕೆಲಸಗಾರರು ಇನ್ನೂ ಇದ್ದಾರೆ. ಅಂಥವರ ಕೈಗೆ ಕೊಡಿ. ಡ್ರಾಯರಿನ ಮೂಲೆ ಬಿಟ್ಟಿದ್ದರೆ ಮೊಳೆ ಹೊಡೆಯದೆ, ಹಳೆ ಕೂಡಿಕೆಯನ್ನೇ ಬಿಚ್ಚಿ ಅಂಟಿಸಲು ಹೇಳಿ. ಹೊರಗಡೆಗೆ ತೆಳುವಾಗಿ ಅರಗಿನ ಪಾಲಿಶ್ ಚೆಂದ. ಅದು ಮರದ ಬಣ್ಣವನ್ನು ಮುಚ್ಚುವುದಿಲ್ಲ.

ಜೋಡಿಸಿದ ಮೇಲೆ ಒಂದೆರಡು ಹಿಡಿ ಹಳೆ ಬೀಜ ಹಾಕಿ ಪುಡಿ ಮಾಡಿ ಎಸೆಯಿರಿ. ಚಿಕೋರಿಯನ್ನು ಇದರೊಳಗೆ ಹಾಕದೆ ಆಮೇಲೆ ಬೆರೆಸಿಕೊಳ್ಳಿ. ಅದು ತೇವ ಎಳೆದುಕೊಂಡು ಹಲ್ಲಿಗೆ ಮೆತ್ತಿಕೊಳ್ಳುತ್ತದೆ.