ಸೌಟು, ಸಿರಿಂಜು, ಅರ್ಧ ಬಿಸ್ಕತ್ತು

ಇವತ್ತು ಬೆಳಿಗ್ಗೆಯೂ ಪಟ್ಟಿ ಕಂದು ಬಣ್ಣಕ್ಕೆ ತಿರುಗಿತು. ಮೂತ್ರದಲ್ಲಿ ಸಕ್ಕರೆ ಇದ್ದರೆ ಬಣ್ಣ ಬದಲಾಗುವ ಪಟ್ಟಿ ಅದು. ಬದಲಾಗದಿದ್ದರೆ ಎಲ್ಲರಿಗೂ ನೆಮ್ಮದಿ. ಕಂದಾದರೆ ವಿಚಾರಣೆ. ಮೂತ್ರ ನಾಯಿಯದು, ಆರೋಪಿ ಅಪ್ಪ.

“ಅಪ್ಪಾ, ಬಿಸ್ಕತ್ತು ಕೊಟ್ರಾ?”

“ಇಲ್ಲಮ್ಮಾ, ನಾನ್ಯಾಕೆ ಕೊಡಲಿ?”

ಅಂಗಿ ಜೇಬಿನ ಅಂಚಿಗೆ ಪುಡಿ ಮೆತ್ತಿತ್ತು. ನಾನು ನೋಡಿದ್ದನ್ನು ಅಪ್ಪನೂ ನೋಡಿದರು. ಮೆಲ್ಲಗೆ ಕೊಡವಿದರು. ಕೆಳಗೆ ಉದುರಿದ್ದನ್ನು ಗುಂಡಮ್ಮ ನೆಕ್ಕಿ ಮುಗಿಸಿದಳು. ಸಾಕ್ಷ್ಯನಾಶ ನನ್ನ ಕಣ್ಣೆದುರೇ ನಡೆದುಹೋಯಿತು.

ಗುಂಡಮ್ಮ ಅಂದರೆ ನಮ್ಮ ನಾಯಿ. ವಯಸ್ಸು ಹತ್ತು. ಹೆಸರಿಡುವಾಗ ಗುಂಡಗೇ ಇದ್ದಳು. ಹೋದ ವರ್ಷ ತಟ್ಟೆ ತಟ್ಟೆ ಊಟ ಮಾಡಿಯೂ ಇಳಿಯತೊಡಗಿದಳು. ನೀರಿನ ಬಟ್ಟಲು ಎಷ್ಟು ತುಂಬಿಸಿದರೂ ಖಾಲಿ. ರಾತ್ರಿ ಮೂರು ಸಲ ಬಾಗಿಲು ಕೆರೆಯೋದು. ಒಂದು ದಿನ ತೆಗೆಯೋದು ತಡವಾಗಿ ಸೋಫಾ ಕೆಳಗೆ ಕೆರೆಯಾಯಿತು. ಮರಿಯಾಗಿದ್ದಾಗಲೂ ಮನೆಯೊಳಗೆ ಹಾಗೆ ಮಾಡಿದವಳಲ್ಲ. ಬೈದೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಡಾಕ್ಟರು ರಕ್ತ ನೋಡಿ “ಸಕ್ಕರೆ ಕಾಯಿಲೆ” ಅಂದರು. ನಾಯಿಗೆ ಬಂದರೆ ಮಾತ್ರೆಯಲ್ಲಿ ನಡೆಯೋಲ್ಲವಂತೆ, ಇನ್ಸುಲಿನ್ನೇ ಬೇಕಂತೆ. ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಂದು ಚುಚ್ಚುಮದ್ದು.

ಚುಚ್ಚೋದು ಕಷ್ಟ ಅಂದುಕೊಂಡಿದ್ದೆ. ಅದೇ ಎಲ್ಲಕ್ಕಿಂತ ಸುಲಭ. ತಟ್ಟೆ ಖಾಲಿಯಾಗುತ್ತಿದ್ದ ಹಾಗೆ ಬೆನ್ನಿನ ಮೇಲಿನ ಸಡಿಲ ಚರ್ಮ ಎತ್ತಿ ಹಿಡಿದು ಚುಚ್ಚಿದರೆ ಅವಳಿಗೆ ಗೊತ್ತೂ ಆಗೋಲ್ಲ. ಕಷ್ಟ ಅಂದರೆ ಗಡಿಯಾರ. ಬೆಳಿಗ್ಗೆ ಏಳು, ಸಂಜೆ ಏಳು. ಭಾನುವಾರಕ್ಕೂ ರಿಯಾಯಿತಿ ಇಲ್ಲ. ಯಾರ ಮನೆಗೆ ಹೋದರೂ ಆರು ಗಂಟೆಗೆ ಎದ್ದು “ನಾಯಿಗೆ ಇಂಜೆಕ್ಷನ್ ಇದೆ” ಅಂದರೆ, ಹೊರಡೋಕೆ ಒಳ್ಳೇ ನೆಪ ಹುಡುಕಿದಳು ಅನ್ನೋ ಹಾಗೆ ನೋಡುತ್ತಾರೆ. ಕೆಲವು ಮನೆಗಳ ವಿಷಯದಲ್ಲಿ ಅದು ನಿಜವೂ ಹೌದು ಅನ್ನಿ.

ಇನ್ನು ಸೌಟಿನ ಕಥೆ.

ಮೂತ್ರ ಪರೀಕ್ಷೆ ಅಂದಾಗ “ಆಯ್ತು ಡಾಕ್ಟ್ರೇ” ಅಂದುಬಿಟ್ಟಿದ್ದೆ. ಹಿಡಿಯೋದು ಹೇಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡುನಾಯಿಯಾದರೆ ಕಾಲೆತ್ತಿ ಉಪಕಾರ ಮಾಡುತ್ತದೆ. ಗುಂಡಮ್ಮ ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತಾಳೆ. ಮೊದಲು ಲೋಟ ಒಯ್ದೆ. ಅದನ್ನು ಹಿಡಿಯೋಕೆ ನಾನೂ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕಾಯಿತು. ಅವಳಿಗೆ ನಾಚಿಕೆಯಾಗಿ ಎದ್ದು ಹೋದಳು. ಆಮೇಲೆ ಹೊಳೆದದ್ದು ಉದ್ದ ಹಿಡಿಯ ಸೌಟು. ಅವಳು ಮೂಸುತ್ತಾ ಮುಂದೆ, ನಾನು ಸೌಟು ಬೆನ್ನಹಿಂದೆ ಬಚ್ಚಿಟ್ಟುಕೊಂಡು ಹಿಂದೆ. ಅವಳು ನಿಂತರೆ ನಾನೂ ನಿಂತು ಆಕಾಶ ನೋಡಬೇಕು. ಕೂತಳು ಅನ್ನೋಷ್ಟರಲ್ಲಿ ಸರಕ್ಕನೆ ಸೌಟು ತೂರಿಸಬೇಕು. ಬೇಗ ತೂರಿಸಿದರೆ ಎದ್ದುಬಿಡುತ್ತಾಳೆ. ತಡವಾದರೆ ಸೌಟಿಗೆ ಹುಲ್ಲು ಮಾತ್ರ. ನಾಲ್ಕನೇ ದಿನ ಅರ್ಧ ಸೌಟು ಸಿಕ್ಕಿತು. ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬರುತ್ತಿದ್ದರೆ ಎದುರುಮನೆಯವರು ಗೇಟಿನಿಂದ ಕೂಗಿದರು: “ಏನ್ರೀ, ಬೆಳಿಗ್ಗೇನೇ ಯಾರಿಗೆ ಬಡಿಸೋಕೆ ಹೊರಟ್ರಿ?”

ಆ ಸೌಟಿನ ಹಿಡಿಗೆ ಕೆಂಪು ದಾರ ಕಟ್ಟಿ ಹಿತ್ತಲ ನಲ್ಲಿಯ ಹತ್ತಿರ ನೇತು ಹಾಕಿದ್ದೆ. ಎಲ್ಲಾ ಸರಿಯಾಗೇ ಇತ್ತು, ಚಿಕ್ಕಮ್ಮ ಬರುವ ತನಕ. ಚಿಕ್ಕಮ್ಮನಿಗೆ ಎಲ್ಲಿ ಏನು ಕಂಡರೂ ತೊಳೆದು ಜೋಡಿಸೋ ಅಭ್ಯಾಸ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಬಡಿಸುತ್ತಾ ಅಂದರು: “ಒಳ್ಳೇ ಸೌಟನ್ನ ಹಿತ್ತಲಲ್ಲಿ ನೇತು ಹಾಕಿದೀಯಲ್ಲೇ. ಆ ಕೊಳಕು ದಾರ ಬಿಚ್ಚಿ ಬಿಸಾಕಿದೆ.”

ಅಡುಗೆಮನೆಗೆ ಓಡಿದೆ. ಒಂದೇ ಥರದ್ದು ನಾಲ್ಕು ಸೌಟು. ಮೂರು ಸ್ಟ್ಯಾಂಡಿನಲ್ಲಿ, ಒಂದು ಚಿಕ್ಕಮ್ಮನ ಕೈಯಲ್ಲಿ. ಯಾವುದು ಯಾವುದೋ ದೇವರಿಗೇ ಗೊತ್ತು. ಚಿಕ್ಕಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅಪ್ಪನಿಗೆ ಗುಟ್ಟಾಗಿ ಹೇಳಿದೆ. “ತೊಳೆದಿದೆಯಲ್ಲ?” ಅಂತ ಎರಡನೇ ಸಲ ಹಾಕಿಸಿಕೊಂಡರು. ನಾಲ್ಕೂ ಸೌಟು ಈಗ ಹಿತ್ತಲಲ್ಲೇ ಇವೆ.

ಇಷ್ಟೆಲ್ಲಾ ಹೋರಾಡಿ ಹಿಡಿದ ಮೂತ್ರ ಕಂದು ತೋರಿಸಿದರೆ ಹೊಟ್ಟೆ ಉರಿಯೋಲ್ವಾ? ಅಪ್ಪನ ವಾದ ಒಂದೇ: “ಅರ್ಧ ಬಿಸ್ಕತ್ತಿಗೆ ಏನಾಗುತ್ತೆ?” ಅಪ್ಪನ ಅರ್ಧಗಳನ್ನು ಒಂದು ದಿನ ಕೂತು ಎಣಿಸಿದೆ. ಆರು ಅರ್ಧ. ಉಳಿದ ಆರು ಅರ್ಧ ಎಲ್ಲಿ ಹೋಯಿತು ಅಂತೀರಾ? ಅಪ್ಪನಿಗೂ ಸಕ್ಕರೆ ಕಾಯಿಲೆಯೇ. ಅವರದ್ದೂ ಇನ್ಸುಲಿನ್ನೇ.

ನನಗೆ ನಿಜವಾಗಿ ಹೆದರಿಕೆ ಇರೋದು ಬೇರೆ. ಪಟ್ಟಿ ನೋಡಿ ನಾನಾಗಿ ಡೋಸ್ ಮುಟ್ಟೋ ಹಾಗಿಲ್ಲ, ಡಾಕ್ಟರೇ ಹೇಳಬೇಕು. ಅವರು ಬಿಸ್ಕತ್ತಿನ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿದು ಡೋಸ್ ಏರಿಸುತ್ತಾರೆ. ಅಪ್ಪ ಎರಡು ದಿನ ಊರಿಗೆ ಹೋದರೆ ಬಿಸ್ಕತ್ತು ನಿಲ್ಲುತ್ತದೆ, ಡೋಸ್ ಅಷ್ಟೇ ಇರುತ್ತದೆ. ಒಂದು ಸಲ ಹಾಗೇ ಆಯಿತು. ಮಧ್ಯಾಹ್ನ ಸಕ್ಕರೆ ತೀರಾ ಇಳಿದು ಗುಂಡಮ್ಮ ಕುಡಿದವಳ ಹಾಗೆ ತೂರಾಡಿದಳು. ಡಾಕ್ಟರಿಗೆ ಫೋನ್ ಹಚ್ಚಿ, ಒಸಡಿಗೆ ಜೇನುತುಪ್ಪ ಸವರುತ್ತಾ ಕೂತೆ. ನನ್ನ ಕೈ ನಡುಗುತ್ತಿತ್ತು. ಚೇತರಿಸಿಕೊಂಡವಳೇ ನನ್ನ ಬೆರಳಿನ ಜೇನನ್ನೂ ನೆಕ್ಕಿ, ಇನ್ನೂ ಇದೆಯಾ ಅಂತ ನೋಡಿದಳು.

ಅದನ್ನು ಹೇಳಿದ ಮೇಲೆ ಅಪ್ಪ ಒಂದು ವಾರ ತೆಪ್ಪಗಿದ್ದರು. ಆಮೇಲೆ ಇತಿಹಾಸ ಓದಿಕೊಂಡು ಬಂದರು. “1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನಾಯಿಯ ಮೇದೋಜೀರಕ ತೆಗೆದಾಗಲೇ ಕಣೇ ಈ ಕಾಯಿಲೆ ಎಲ್ಲಿಂದ ಬರುತ್ತೆ ಅಂತ ಗೊತ್ತಾಗಿದ್ದು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇಬ್ಬರೂ ಇನ್ಸುಲಿನ್ ಮೊದಲು ನೋಡಿದ್ದೂ ನಾಯಿಗಳ ಮೇಲೇ. ಮಾರ್ಜೊರಿ ಅಂತ ಒಂದು ನಾಯಿ ಇತ್ತು. ನಾನು ಇವತ್ತು ಬದುಕಿರೋದು ಇವಳ ಜಾತಿಯಿಂದ. ಆ ಋಣಕ್ಕೆ ಅರ್ಧ ಬಿಸ್ಕತ್ತೂ ಬೇಡ್ವಾ?”

ಇಂಥವರ ಹತ್ತಿರ ಏನು ವಾದ ಮಾಡೋದು? ಸುಮ್ನೆ ಸೌತೆಕಾಯಿ ಹೆಚ್ಚಿ ಕೊಟ್ಟು, “ಋಣ ಇದರಲ್ಲಿ ತೀರಿಸಿ” ಅಂದೆ. ಎರಡು ದಿನ ತೀರಿಸಿದರು. ಮೂರನೇ ದಿನ ಇವತ್ತು.

ಈಚೆಗೆ ಗುಂಡಮ್ಮನ ಕಣ್ಣಿಗೆ ಪೊರೆ ಬಂದಿದೆ. ಸಕ್ಕರೆ ಕಾಯಿಲೆಯ ನಾಯಿಗಳಿಗೆ ಇದು ಜಾಸ್ತಿ, ಬೇಗನೂ ಬರುತ್ತದೆ. ಕಪ್ಪು ಕಣ್ಣು ಹಾಲು ಬೆರೆಸಿದ ಹಾಗಾಗಿದೆ. ಕುರ್ಚಿ ಸರಿಸಿದರೆ ಡಿಕ್ಕಿ ಹೊಡೆಯುತ್ತಾಳೆ. ಅಪ್ಪ ಈಗ ವಾಕಿಂಗಿಗೆ ಹೋಗುವಾಗ ಕೋಲನ್ನು ಬೇಕಂತಲೇ ಟಕಟಕ ಕುಟ್ಟುತ್ತಾರೆ. ಅವರಿಗೆ ಕೋಲಿನ ಅಗತ್ಯವೇ ಇಲ್ಲ. ಆ ಸದ್ದು ಹಿಡಿದು ಅವಳು ಹಿಂದೆ ಹೋಗುತ್ತಾಳೆ. ಜೇಬಿನಲ್ಲಿ ಏನಿರುತ್ತೆ ಅಂತ ಆಗ ಮಾತ್ರ ನಾನು ಕೇಳೋದಿಲ್ಲ.

ಸಂಜೆ ಏಳಕ್ಕೆ ಐದು ನಿಮಿಷ ಇದ್ದಂತೆ ಇಬ್ಬರೂ ಫ್ರಿಜ್ ಮುಂದೆ ಹಾಜರು. ಒಳಗೆ ಎರಡು ಡಬ್ಬಿ, ಒಂದರ ಮೇಲೆ ‘ಅಪ್ಪ’, ಇನ್ನೊಂದರ ಮೇಲೆ ‘ಗುಂಡಮ್ಮ’. ಸಿರಿಂಜೂ ಬೇರೆ ಬೇರೆ. ಅವಳದ್ದು ನಲವತ್ತರದ್ದು, ಅಂದರೆ ಒಂದು ಮಿಲಿಲೀಟರಿನಲ್ಲಿ ನಲವತ್ತು ಯೂನಿಟ್ ಇರೋ ಇನ್ಸುಲಿನ್ನಿಗೆ ಮಾಡಿದ್ದು, ಕೆಂಪು ಮುಚ್ಚಳ. ಅಪ್ಪನದ್ದು ನೂರು ಯೂನಿಟ್ಟಿನದ್ದು, ಕಿತ್ತಳೆ ಮುಚ್ಚಳ. ಅಪ್ಪನ ಔಷಧಿಯನ್ನು ಅವಳ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಹಾಗಾಗಿ ದಿನಾ ಎರಡೆರಡು ಸಲ ಓದಿ ನೋಡುತ್ತೇನೆ. ಗುಂಡಮ್ಮ ತಟ್ಟೆ ನೆಕ್ಕಿ ಮುಗಿಸುತ್ತಾಳೆ, ಚುಚ್ಚಿಸಿಕೊಳ್ಳುತ್ತಾಳೆ, ಬಾಲ ಆಡಿಸುತ್ತಾಳೆ. ಆಮೇಲೆ ಅಪ್ಪ ಅಂಗಿ ಎತ್ತಿ, ಸೂಜಿ ಮುಟ್ಟೋಕೂ ಮುಂಚೆಯೇ “ಅಯ್ಯಯ್ಯೋ” ಅನ್ನುತ್ತಾರೆ. ಗುಂಡಮ್ಮ ನನ್ನ ಕಡೆ ತಿರುಗಿ ಗುರ್ ಅನ್ನುತ್ತಾಳೆ.