ಸತ್ಯಾಂಶ: ಎಡಗೈಯಲ್ಲಿ ಬರೆಸಿದರೆ ಮಗುವಿನ ಸೃಜನಶೀಲತೆ ಹೆಚ್ಚುತ್ತದೆಯೇ?

‘ಬಲಮೆದುಳಿನವರು ಕಲಾವಿದರು, ಎಡಮೆದುಳಿನವರು ಲೆಕ್ಕದವರು, ದಿನಾ ಎಡಗೈಯಲ್ಲಿ ಬರೆಸಿ, ಮಗುವಿನ ಕಲ್ಪನೆ ಅರಳುತ್ತದೆ’ ಎಂಬ ವಾಟ್ಸಾಪ್ ಸಂದೇಶ ಸರಿಯಲ್ಲ. ಎಡಗೈಯನ್ನು ಆಡಿಸುವುದು ಬಲಮೆದುಳು ಎಂಬುದೇ ಈ ಸಲಹೆಯ ಹಿಂದಿನ ತರ್ಕ.

ಬಲ-ಎಡ ಮೆದುಳಿನ ಈ ಮಾತಿನ ಬೇರು ಇರುವುದು ಅಮೆರಿಕದ ಮೆದುಳು ವಿಜ್ಞಾನಿ ರೋಜರ್ ಸ್ಪೆರಿ ಅವರ ಪ್ರಯೋಗಗಳಲ್ಲಿ. ಅಪಸ್ಮಾರ ತಡೆಯಲೆಂದು ಮೆದುಳಿನ ಎರಡು ಅರ್ಧಗಳ ನಡುವಿನ ನರತಂತುಗಳ ಸೇತುವೆಯನ್ನು ಕತ್ತರಿಸಿದ್ದ ರೋಗಿಗಳನ್ನು ಅವರು ಪರೀಕ್ಷಿಸಿದ್ದರು. 1981ರಲ್ಲಿ ನೊಬೆಲ್ ಕೂಡ ಬಂತು. ನಮ್ಮ ನಿಮ್ಮ ತಲೆಯಲ್ಲಿ ಆ ಸೇತುವೆ ಹಾಗೇ ಇದೆ. ಮಾತಿನ ಕೆಲಸ ಹೆಚ್ಚಿನವರಲ್ಲಿ ಎಡಕ್ಕೆ ವಾಲಿರುವುದು ನಿಜ, ಆದರೆ ಇಡೀ ಮನುಷ್ಯ ಒಂದು ಬದಿಯವನಲ್ಲ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 1,011 ಮಂದಿಯ ಮೆದುಳಿನ ಸ್ಕ್ಯಾನ್ ನೋಡಿದಾಗಲೂ ಅಂಥ ‘ಬದಿ’ ಸಿಗಲಿಲ್ಲ.

ಚಿತ್ರ ಬಿಡಿಸುವ ಮಗುವಿನ ಕೈ ಕಟ್ಟುವುದು ಮೆದುಳಿನ ಬದಿಯಲ್ಲ, ಅಳಿಸುವ ರಬ್ಬರು. ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ 8 ಮನೆ. ಅಳಿಸಲು ಬಾರದಂತೆ ಪೆನ್ನು ಕೊಡಿ, ಮನೆಗೆ ಒಂದು ನಿಮಿಷದಂತೆ ಒಂದೇ ವಸ್ತುವನ್ನು, ಕೊಡೆಯನ್ನೋ ಚೊಂಬನ್ನೋ, ಎಂಟು ಬಗೆಯಲ್ಲಿ ಬಿಡಿಸಲಿ. ಮೊದಲ ಎರಡು ಮೂರು ಮಾಮೂಲಿಯಾಗೇ ಇರುತ್ತವೆ, ಕಂಡು ರೂಢಿಯಾದದ್ದೇ ಮೊದಲು ನೆನಪಾಗುವುದರಿಂದ. ಆಗ ‘ಚೆನ್ನಾಗಿದೆ’ ಎಂದರೂ ಕೆಟ್ಟಿತು, ಉಳಿದವನ್ನೂ ಅದರಂತೆಯೇ ಬಿಡಿಸತೊಡಗಬಹುದು. ಎಂಟೂ ಮುಗಿದ ಮೇಲೆ, ಗೀಟು ತಪ್ಪಿದ ಒಂದನ್ನು ಮಗುವೇ ಆರಿಸಿ ಇನ್ನೊಂದು ಹಾಳೆಯಲ್ಲಿ ದೊಡ್ಡದಾಗಿ ಬಿಡಿಸಲಿ.