ಮೆರಿಟ್ರಿಶಸ್ ಮಕ್ಕಳಿಗೆ ಸನ್ಮಾನವಂತೆ!

ನಿನ್ನೆಯಿಂದ ತಡ್ಕೊಂಡಿದ್ದೆ, ಇನ್ನಾಗಲ್ಲ. ಅಕ್ಕನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದಾಳೆ. ಪ್ರತಿಭಾ ಪುರಸ್ಕಾರ ಇತ್ತು, ಹೋದೆ. ವೇದಿಕೆಯ ಹಿಂದೆ ಗೋಡೆ ತುಂಬಾ ಫ್ಲೆಕ್ಸು. ಅದರಲ್ಲಿ ಮೊಳದುದ್ದದ ಇಂಗ್ಲಿಷ್ ಅಕ್ಷರಗಳು: ಮೆರಿಟ್ರಿಶಸ್ ಸ್ಟೂಡೆಂಟ್ಸ್.

ಮೂವತ್ತು ವರ್ಷ ಪ್ರೂಫ್ ನೋಡಿ ಅನ್ನ ತಿಂದವಳು ನಾನು, ನಿಮಗೆ ಗೊತ್ತಲ್ಲ. ಕಾಫಿ ಗಂಟಲಲ್ಲೇ ನಿಂತಿತು.

ಅವರಿಗೆ ಬೇಕಾಗಿದ್ದದ್ದು ಮೆರಿಟೋರಿಯಸ್, ಅಂದರೆ ಯೋಗ್ಯತೆ ಇರುವವರು. ಮೆರಿಟ್ರಿಶಸ್ ಅಂದರೆ ಮೇಲೆ ಥಳಕು, ಒಳಗೆ ಹುಳುಕು. ಬೇರು ನೋಡಿದರೆ ಇನ್ನೂ ಚೆಂದ. ಲ್ಯಾಟಿನ್ನಿನಲ್ಲಿ ಮೆರೆಟ್ರಿಕ್ಸ್ ಅಂದರೆ ವೇಶ್ಯೆ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದೇ ನೇರ ಅರ್ಥ. ಆಮೇಲೆ ಸುಮ್ನೆ ಕಣ್ಣು ಕುಕ್ಕುವುದಕ್ಕೆಲ್ಲಾ ಆ ಹೆಸರು ಅಂಟಿತು. ನಮ್ಮ 'ಮೆರೆಯೋದಕ್ಕೂ' ಅದಕ್ಕೂ ಸಂಬಂಧವಿಲ್ಲ, ಆದರೂ ಎಷ್ಟು ಸರಿಯಾಗಿ ಕೂರುತ್ತೆ ನೋಡಿ!

ತಮಾಷೆ ಅಂದರೆ ಮೆರಿಟ್ ಕೂಡ ಅದೇ ಬೇರಿನದು. ಮೂಲ ಕ್ರಿಯಾಪದಕ್ಕೆ 'ದುಡಿದು ಗಳಿಸು' ಅನ್ನೋ ಅರ್ಥ. ಗಂಡಸು ಗಳಿಸಿದರೆ ಗೌರವ, ಆ ಹೆಂಗಸು ಗಳಿಸಿದರೆ ಬೈಗುಳ. ಇರಲಿ, ಆ ಜಗಳ ಇನ್ನೊಂದು ದಿನ. ಮುಖ್ಯ ಅತಿಥಿಗಳು ಎಮೆರಿಟಸ್ ಪ್ರೊಫೆಸರ್, ಅಂದರೆ ರಿಟೈರ್ ಆದಮೇಲೂ ಗೌರವಕ್ಕೆ ಆ ಬಿರುದು ಉಳಿಸಿಕೊಂಡವರು. ಅದೂ ಅದೇ ಮನೆತನದ ಪದ. ರೋಮಿನಲ್ಲಿ ಸೇವಾವಧಿ ಮುಗಿಸಿದ ಸೈನಿಕನಿಗೆ ಹಾಗೆನ್ನುತ್ತಿದ್ದರು. ಪುಣ್ಯಾತ್ಮರು ಒಂದು ಗಂಟೆ ಆ ಫ್ಲೆಕ್ಸಿನ ಕೆಳಗೇ ಕೂತಿದ್ದರು. ತಲೆ ಎತ್ತಲಿಲ್ಲ.

ಸಂಘದವರೊಬ್ಬರಿಗೆ ಮೆಲ್ಲಗೆ ಹೇಳಿದೆ. "ಬಿಡಿ ಮೇಡಂ, ಒಂದೆರಡು ಅಕ್ಷರ ಆಚೆ ಈಚೆ. ಯಾರು ಓದ್ತಾರೆ?" ಅಂದರು. ಹೌದಪ್ಪಾ, ತಪ್ಪು ಯಾರಿಗೆ ಆಗಲ್ಲ? ಆದರೆ ಯಾರೂ ಓದೋದಿಲ್ಲ ಅಂದಮೇಲೆ ಅಷ್ಟು ದೊಡ್ಡದಾಗಿ ಬರೆಸಿದ್ದು ಯಾಕೆ? 'ಜಾಣ ಮಕ್ಕಳು' ಅಂದರೆ ಸಾಕಿತ್ತು. 'ಪ್ರತಿಭಾವಂತರು' ಅಂತಿದೆ. ಅದು ಬೇಡ, ಇಂಗ್ಲಿಷೇ ಬೇಕು, ಅದೂ ಬಾಯಿ ತುಂಬಾ ಇಂಗ್ಲಿಷು. ಮೆರಿಟ್ರಿಶಸ್ ಅನ್ನೋ ಪದಕ್ಕೆ ಉದಾಹರಣೆ ಬೇಕಿದ್ದರೆ ಆ ಫ್ಲೆಕ್ಸೇ ಸಾಕು.

ಇಷ್ಟು ಹಾರಾಡುವ ನಾನೇನು ಕಮ್ಮಿ? ಹಿಂದೆ ನಮ್ಮ ಸಾಹೇಬರು ರಿಟೈರ್ ಆದಾಗ ಕಾರ್ಡಿನಲ್ಲಿ 'ಫುಲ್ಸಮ್ ಪ್ರೇಸ್' ಅಂತ ಬರೆದಿದ್ದೆ. ಮನಸು ತುಂಬಿದ ಹೊಗಳಿಕೆ ಅಂದುಕೊಂಡು. ಅವರು ಕನ್ನಡಕ ಸರಿಮಾಡಿಕೊಂಡು ಓದಿ, "ಬೆಣ್ಣೆ ಸ್ವಲ್ಪ ಜಾಸ್ತಿ ಆಯ್ತಲ್ಲಮ್ಮಾ" ಅಂದು ನಕ್ಕರು. ನಾನೂ ನಕ್ಕೆ. ಫುಲ್ಸಮ್ ಅಂದರೆ ಅತಿಯಾದ ಮುಖಸ್ತುತಿ ಅಂತ ತಿಳಿಯೋಕೆ ಎರಡು ವರ್ಷ ಬೇಕಾಯ್ತು.

ಅಕ್ಕ ಫ್ಲೆಕ್ಸ್ ಸಮೇತ ಮಗಳ ಫೋಟೋ ಸ್ಟೇಟಸ್ ಹಾಕಿದ್ದಾಳೆ. ಫೇಸ್‌ಬುಕ್ಕಿನಲ್ಲಿ ಅವಳಿಲ್ಲ, ಪುಣ್ಯ. ಯಾರೂ ಹೇಳೋಕೆ ಹೋಗಬೇಡಿ.